ಹಸಿರು ಪಟ್ಟಿಯಲ್ಲಿ ನಿಂತುಹೋದ ಗೆರೆ

ಅಂಗನವಾಡಿಯೊಂದರಲ್ಲಿ ಕುಳಿತು ಮಕ್ಕಳ ಬೆಳವಣಿಗೆ ನಕ್ಷೆಗಳನ್ನು ತಿರುವಿಹಾಕುತ್ತಿದ್ದಾಗ ಹೆಣ್ಣುಮಗುವೊಂದರ ಗೆರೆ ನನ್ನನ್ನು ತಡೆದು ನಿಲ್ಲಿಸಿತು. ಒಂಬತ್ತನೆಯ ತಿಂಗಳಲ್ಲಿ 8.2 ಕಿಲೋ, ಹನ್ನೆರಡನೆಯ ತಿಂಗಳಲ್ಲೂ ಅಷ್ಟೇ. ‘ನಾರ್ಮಲ್ ಇದೆ ಸಾರ್’ ಎಂದರು ಕಾರ್ಯಕರ್ತೆ. ನಿಯಮದಂತೆ ಅವರು ಹೇಳಿದ್ದು ಸರಿ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡದಲ್ಲಿ ವರ್ಷ ತುಂಬಿದ ಹೆಣ್ಣುಮಗು 7 ಕಿಲೋಗಿಂತ ಕಡಿಮೆ ತೂಗಿದರೆ ಮಾತ್ರ ಹಸಿರು ಪಟ್ಟಿ ದಾಟಿ ಹಳದಿಗೆ ಇಳಿಯುತ್ತದೆ. ಪಕ್ಕದ ಹಾಳೆಯ ಮಗು ಅದೇ ಅವಧಿಯಲ್ಲಿ 6.4ರಿಂದ 6.9 ಕಿಲೋಗೆ ಏರಿತ್ತು. ಅದು ಹಳದಿಯಲ್ಲಿತ್ತು, ಆದ್ದರಿಂದ ವರದಿಯಲ್ಲೂ ಇತ್ತು. ಅದಕ್ಕೆ ಆರೈಕೆ ಬೇಕು, ನಿಜ. ಆದರೆ ಮೂರು ತಿಂಗಳು ಬೆಳೆಯದೇ ಉಳಿದ ಮಗುವಿನ ಲೆಕ್ಕ ಎಲ್ಲಿ?

ತರಬೇತಿಯಲ್ಲಿ ಗೆರೆಯ ದಿಕ್ಕು ನೋಡಿ ಎಂದೇ ಹೇಳಿಕೊಡುತ್ತಾರೆ. ಮೇಲಕ್ಕೆ ಹೋಗುವ ವರದಿಯಲ್ಲಿ ಎಣಿಕೆಯಾಗುವುದು ಮಾತ್ರ ಬಣ್ಣ. ನಾವು ಚರ್ಚಿಸುವುದೂ ಶೇಕಡಾವಾರನ್ನೇ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಕುಂಠಿತರು. ಪ್ರತಿ ಸುತ್ತಿನಲ್ಲೂ ಅಳೆಯುವುದು ಬೇರೆ ಬೇರೆ ಮಕ್ಕಳನ್ನು. ರಾಜ್ಯದ ಸ್ಥಿತಿ ಅದರಿಂದ ತಿಳಿಯುತ್ತದೆ, ಒಂದು ಮಗುವಿನ ಗತಿ ತಿಳಿಯುವುದಿಲ್ಲ.

ಈ ವ್ಯತ್ಯಾಸ ಹೊಸ ಶೋಧವೇನಲ್ಲ. ಫ್ರಾನ್ಸಿನ ಮಾಂಟ್‌ಬೆಯಾರ್ 1759ರಿಂದ 1777ರವರೆಗೆ ತನ್ನ ಮಗನೊಬ್ಬನನ್ನೇ ಅಳೆಯುತ್ತ ಹೋದ. ಹದಿಹರೆಯದ ಜಿಗಿತ ಒಬ್ಬೊಬ್ಬರಿಗೆ ಒಂದೊಂದು ವಯಸ್ಸಿಗೆ ಬರುವುದರಿಂದ ಎಲ್ಲರ ಸರಾಸರಿ ತೆಗೆದರೆ ಆ ಜಿಗಿತವೇ ಚಪ್ಪಟೆಯಾಗುತ್ತದೆ. ಇದನ್ನು ಟ್ಯಾನರ್ ಮತ್ತು ಸಂಗಡಿಗರು 1966ರಲ್ಲಿ ನಕ್ಷೆಗಳಲ್ಲೇ ತೋರಿಸಿದರು. 1982ರಲ್ಲಿ ಲೇರ್ಡ್ ಮತ್ತು ವೇರ್ ಮಂಡಿಸಿದ ಸಂಖ್ಯಾಶಾಸ್ತ್ರೀಯ ಮಾದರಿಯಲ್ಲಿ ಪ್ರತಿ ಮಗುವಿಗೂ ಅದರದೇ ಆರಂಭ, ಅದರದೇ ವೇಗ. ತಕ್ಕಡಿಯ ನೂರಿನ್ನೂರು ಗ್ರಾಂ ಏರುಪೇರನ್ನು ನಿಜವಾದ ಕುಸಿತದಿಂದ ಬೇರ್ಪಡಿಸಲು ಅದು ನೆರವಾಗುತ್ತದೆ. ಕೂಲಿಗೆ ಗುಳೆ ಹೋದ ಕುಟುಂಬದ ಮಗುವಿನ ಎರಡು ತಿಂಗಳ ತೂಕ ತಪ್ಪಿದ್ದರೂ ಉಳಿದ ತೂಕಗಳು ವ್ಯರ್ಥವಾಗುವುದಿಲ್ಲ. (ತೂಕವನ್ನೇ ನೋಡದೆ ಬರೆದಿಟ್ಟರೆ ಯಾವ ಗಣಿತವೂ ಕಾಯಲಾರದು, ಆ ಮಾತು ಬೇರೆ.)

1975ರಲ್ಲಿ ಟಿ. ನರಸೀಪುರದಲ್ಲಿ ಅಂಗನವಾಡಿ ಆರಂಭವಾದಾಗ ಇಂಥ ಲೆಕ್ಕ ಕೈಯಲ್ಲಿ ಸಾಧ್ಯವಿರಲಿಲ್ಲ. 2021ರಿಂದ ತೂಕಗಳು ಪೋಷಣ್ ಟ್ರ್ಯಾಕರ್ ಮೂಲಕ ಕಂಪ್ಯೂಟರಿಗೇ ಸೇರುತ್ತಿವೆ. ಹಾಗಿರುವಾಗ ಬಣ್ಣಗಳ ಶೇಕಡಾವಾರಿನ ಜೊತೆಗೆ, ತಮ್ಮದೇ ಗೆರೆಯಿಂದ ಜಾರಿದ ಮಕ್ಕಳೆಷ್ಟು ಎಂಬುದನ್ನೂ ಸರ್ಕಾರ ತಾಲ್ಲೂಕುವಾರು ಪ್ರತಿ ತಿಂಗಳು ಪ್ರಕಟಿಸಲಿ. ನಾನು ಕಂಡ ಆ ಮಗುವನ್ನು ಎಣಿಸಲು ಕಾರ್ಯಕರ್ತೆಯ ವರದಿಯಲ್ಲಿ ಒಂದು ಕಲಮೂ ಇರಲಿಲ್ಲ.