ಒಂದೇ ಪಾದ, ಎರಡು ಕಡತ

ಮರಾಠಿಯಲ್ಲಿ ‘ಬಧಿರ’ ಎಂಬ ಪದ ಕಿವುಡರಿಗೂ ಸಲ್ಲುತ್ತದೆ, ಮರಗಟ್ಟಿದ ಅಂಗಕ್ಕೂ ಸಲ್ಲುತ್ತದೆ. ಆರೋಗ್ಯದ ನಮೂನೆಗಳನ್ನು ಅನುವಾದಿಸುವಾಗ ಕನ್ನಡದ ‘ಜೋಮು’ಗಿಂತ ಇದೇ ನಿಖರ ಅನ್ನಿಸುತ್ತದೆ ನನಗೆ. ಜೋಮು ಸ್ವಲ್ಪ ಹೊತ್ತಿಗೆ ಬಿಡುತ್ತದೆ. ವರ್ಷಗಟ್ಟಲೆ ಸಕ್ಕರೆ ಕಾಯಿಲೆಯಿಂದ ಬಂದ ಪಾದದ ಕಿವುಡು ಸಾಮಾನ್ಯವಾಗಿ ಬಿಡುವುದಿಲ್ಲ. ಚಪ್ಪಲಿಯೊಳಗೆ ಸೇರಿದ ಕಲ್ಲು, ಉಂಗುಷ್ಠ ಕಚ್ಚಿ ಆದ ಗುಳ್ಳೆ ಯಾವುದೂ ಗೊತ್ತಾಗುವುದಿಲ್ಲ. ಗಾಯ ಕಣ್ಣಿಗೆ ಬೀಳುವಷ್ಟರಲ್ಲಿ ಕೀವು ತುಂಬಿರುತ್ತದೆ. ರಕ್ತಸಂಚಾರವೂ ಕುಂದಿದ್ದರೆ ಮೊದಲು ಬೆರಳು, ಆಮೇಲೆ ಕಾಲು ಹೋಗಬಹುದು.

ಮುಂಬಯಿ ಇಂಥ ಪಾದಗಳಿಗೆ ಕಷ್ಟದ ಊರು. ಹೋಟೆಲಿನ ಅಡುಗೆಮನೆಯ ಒದ್ದೆ ನೆಲದ ಮೇಲೆ ದಿನವಿಡೀ ನಿಲ್ಲುವ ನಮ್ಮ ಕರಾವಳಿಯವರು, ಬರಿಗಾಲಲ್ಲಿ ಸಿದ್ಧಿವಿನಾಯಕನ ದರ್ಶನಕ್ಕೆ ಹೊರಡುವವರು, ಮಳೆಗಾಲದಲ್ಲಿ ಹಿಂದ್‌ಮಾತಾದ ನೀರು ದಾಟುವವರು, ಇವರಲ್ಲಿ ಎಷ್ಟೋ ಜನರಿಗೆ ‘ಶುಗರ್ ಇದೆ’. ನೆರೆ ನೀರಿನಲ್ಲಿ ನಡೆದವರು ಇಲಿಜ್ವರ ತಡೆಯುವ ಮಾತ್ರೆಗಾಗಿ ವೈದ್ಯರನ್ನು ಕಾಣಬೇಕೆಂದು ಪಾಲಿಕೆ ಸೂಚನೆ ಹೊರಡಿಸುತ್ತದೆ. ‘ಶುಗರ್ ಇರುವವರು ಮನೆ ತಲುಪಿದೊಡನೆ ಪಾದ ಒರೆಸಿ, ಅಂಗಾಲು ನೋಡಿಕೊಳ್ಳಿ’ ಎಂಬ ಒಂದು ಸಾಲು ಅದರಲ್ಲಿ ಸೇರಿದರೆ ಖರ್ಚೇನೂ ಇಲ್ಲ.

ಕಿವುಡು ಪಾದವನ್ನು ಕಾಪಾಡುವ ವಿದ್ಯೆ ನಮಗೆ ಹೊಸದಲ್ಲ. ವಡಾಲಾದ ಆಕ್ವರ್ತ್ ಕುಷ್ಠರೋಗ ಆಸ್ಪತ್ರೆ 1890ರಲ್ಲಿ ಶುರುವಾದದ್ದು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಬೆರಳುಗಳು ತಾವಾಗಿ ಕೊಳೆತು ಉದುರುವುದಿಲ್ಲ, ನೋವು ತಿಳಿಯದೆ ಆಗುವ ಪೆಟ್ಟುಗಳಿಂದ ಹಾಳಾಗುತ್ತವೆ ಎಂದು ತೋರಿಸಿದರು. ಆ ತಿಳಿವಳಿಕೆಯಿಂದ ಅಂಗಾಲಿನ ಒತ್ತಡ ಹಂಚುವ ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿ ಬಂತು. ಮುಂದೆ ಅಮೆರಿಕಕ್ಕೆ ಹೋದ ಬ್ರ್ಯಾಂಡ್ ಇದೇ ಪಾಠವನ್ನು ಮಧುಮೇಹಿಗಳ ಪಾದಕ್ಕೂ ಅನ್ವಯಿಸಿದರು.

ನಮ್ಮ ನೀತಿ ಮಾತ್ರ ಇವನ್ನು ಎರಡು ಕಡತಗಳಲ್ಲಿ ಇಟ್ಟಿದೆ. ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನ ಕಾರ್ಯಕ್ರಮ ಸ್ಪರ್ಶ ಕಳೆದುಕೊಂಡ ಪಾದಕ್ಕೆ ಎಂಸಿಆರ್ ಚಪ್ಪಲಿಯನ್ನು ಉಚಿತವಾಗಿ ಕೊಡುತ್ತದೆ. ಅದೇ ಸ್ಥಿತಿಯ ಮಧುಮೇಹಿಗೆ ಅಂಥ ಹಕ್ಕಿಲ್ಲ. 30 ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಒಯ್ಯುವ ಪ್ರಶ್ನಾವಳಿಯಲ್ಲಿ ಅಂಗಾಲಿನ ಸ್ಪರ್ಶದ ಪ್ರಶ್ನೆ ಇದೆ, ಆದರೆ ಅದು ಇರುವುದು ಕುಷ್ಠ ಪತ್ತೆಗಾಗಿ. 2023ರಲ್ಲಿ ಕೇಂದ್ರ ಸರಕಾರ ಹಾಕಿಕೊಂಡ ಗುರಿ, 2025ರೊಳಗೆ ರಕ್ತದೊತ್ತಡ ಮತ್ತು ಮಧುಮೇಹ ಇರುವ 7.5 ಕೋಟಿ ಜನರನ್ನು ಚಿಕಿತ್ಸೆಗೆ ತರುವುದು. ಒಳ್ಳೆಯ ಗುರಿಯೇ. ಆದರೆ ಅದು ಎಣಿಸುವುದು ಚಿಕಿತ್ಸೆಗೆ ಸೇರಿದ ತಲೆಗಳನ್ನು, ಉಳಿದ ಕಾಲುಗಳನ್ನಲ್ಲ. ಆಯುಷ್ಮಾನ್ ಭಾರತದ 5 ಲಕ್ಷ ರೂಪಾಯಿಯ ವಿಮೆ ಒಳರೋಗಿಗಳಿಗೆ. ಕಾಲು ಕತ್ತರಿಸಲು ಅದರಲ್ಲಿ ಹಣವಿದೆ, ಕಾಲು ಉಳಿಸುವ ಚಪ್ಪಲಿಗೆ ಇಲ್ಲ.

ನಾನು ಕೇಳುವುದು ಮೂರೇ. ಮಧುಮೇಹದ ಪ್ರತಿ ಕಾರ್ಡಿನಲ್ಲೂ ವರ್ಷಕ್ಕೊಮ್ಮೆ ತುಂಬಲೇಬೇಕಾದ ಪಾದದ ಅಂಕಣ ಇರಲಿ. ಸ್ಪರ್ಶವಿಲ್ಲದ ಪಾದಕ್ಕೆ, ಕಾಯಿಲೆ ಯಾವುದೇ ಇರಲಿ, ಚಪ್ಪಲಿ ಸಿಗಲಿ. ಕಾಲು ಕತ್ತರಿಸಿದ ಪ್ರತಿ ಪ್ರಕರಣವೂ ಕಾರ್ಯಕ್ರಮದ ಲೆಕ್ಕಕ್ಕೆ ಬರಲಿ.

ವೈದ್ಯರಿಗೆ ಪುರುಸೊತ್ತೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ರೂಪುಗೊಂಡ ಪರೀಕ್ಷೆಗೆ ವೈದ್ಯರೇ ಬೇಕಿಲ್ಲ. ರೋಗಿ ಕಣ್ಣು ಮುಚ್ಚಿಕೊಂಡಿರುತ್ತಾರೆ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಸ್ಪರ್ಶ ತಿಳಿಯದಿದ್ದರೆ ಪಾದ ಅಪಾಯದಲ್ಲಿದೆ. ಉಪಕರಣ ಬೇಡ, ನರ್ಸ್, ಆಶಾ, ಮನೆಯವರು ಯಾರೂ ಮಾಡಬಹುದು.

‘ಕುಷ್ಠದ ಚಪ್ಪಲಿ’ ಎಂದು ಜನ ಹಾಕಿಕೊಳ್ಳಲು ನಾಚಬಹುದು ಎಂಬುದು ಇನ್ನೊಂದು ಆಕ್ಷೇಪ. ಆ ನಾಚಿಕೆಯನ್ನು ಕುಷ್ಠದಿಂದ ಗುಣವಾದವರು ದಶಕಗಳಿಂದ ಒಬ್ಬರೇ ಹೊತ್ತಿದ್ದಾರೆ. ಪೇಟೆಯ ಚಪ್ಪಲಿಯಂತೆಯೇ ಕಾಣುವಂತೆ ಹೊಲಿಸಿ ಇಬ್ಬರಿಗೂ ಒಂದೇ ಕೌಂಟರಿನಲ್ಲಿ ಕೊಟ್ಟರೆ, ಹಾಕಿಕೊಂಡವರ ಕಾಯಿಲೆ ಯಾವುದೆಂದು ದಾರಿಹೋಕರಿಗೆ ತಿಳಿಯುವುದಿಲ್ಲ.