ಹಗಲಲ್ಲಿ ಕೇಳಿಸದ ಧಾರವಾಡ

ಸೇಡಂ, ಚಿಂಚೋಳಿ ಕಡೆಯ ಹಿರಿಯರನ್ನು, 'ಅಜ್ಜಾ, ನೀವು ಸಣ್ಣವರಿದ್ದಾಗ ರೇಡಿಯೋದಾಗ ಯಾವ ಊರು ಕೇಳಸ್ತಿತ್ತು?' ಎಂದು ಕೇಳಿ ನೋಡಿ. ಧಾರವಾಡಕ್ಕಿಂತ ಮೊದಲು ಹೈದರಾಬಾದಿನ ಹೆಸರು ಬಂದರೆ ಅಚ್ಚರಿಪಡಬೇಕಾಗಿಲ್ಲ. ಅದಕ್ಕೆ ಕಾರಣ ಅರ್ಧ ಚರಿತ್ರೆ, ಇನ್ನರ್ಧ ಭೌತಶಾಸ್ತ್ರ.

ಮೊದಲು ಚರಿತ್ರೆ. 1935ರ ಫೆಬ್ರುವರಿಯಲ್ಲಿ ನಿಜಾಮ್ ಸರ್ಕಾರದ ಡೆಕ್ಕನ್ ರೇಡಿಯೋ ಹೈದರಾಬಾದಿನಿಂದ ಪ್ರಸಾರ ಆರಂಭಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೈಸೂರಿನ ಮನೋವಿಜ್ಞಾನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಪ್ರೇಷಕವಿಟ್ಟು 'ಆಕಾಶವಾಣಿ'ಯನ್ನು ಶುರುಮಾಡಿದರು. ಆಗ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಇವೆಲ್ಲ ನಿಜಾಮರ ರಾಜ್ಯಕ್ಕೆ ಸೇರಿದ್ದವು. ಡೆಕ್ಕನ್ ರೇಡಿಯೋದ ಮುಖ್ಯ ಭಾಷೆ ಉರ್ದು. ತೆಲುಗು, ಮರಾಠಿ, ಕನ್ನಡಗಳಿಗೆ ಉಳಿದ ಸ್ವಲ್ಪ ಸಮಯ. 1950ರಲ್ಲಿ ಧಾರವಾಡ ನಿಲಯ ಆರಂಭವಾಯಿತು. ಹೈದರಾಬಾದ್ ಮತ್ತು ಮೈಸೂರು ನಿಲಯಗಳು ಅದೇ ವರ್ಷ ಕೇಂದ್ರ ಸರ್ಕಾರದ ಕೈಸೇರಿದವು. 1956ರ ನವೆಂಬರ್ 1ರಂದು ಈ ತಾಲೂಕುಗಳು ವಿಶಾಲ ಮೈಸೂರು ರಾಜ್ಯಕ್ಕೆ ಬಂದವು.

ನಕ್ಷೆಯ ಗಡಿ ಒಂದೇ ರಾತ್ರಿಯಲ್ಲಿ ಬದಲಾಯಿತು. ರೇಡಿಯೋ ಅಲೆಗೆ ಗಡಿಯ ಗೊಡವೆ ಇಲ್ಲ. ಅದು ನೋಡುವುದು ದೂರವನ್ನು. ನೇರ ಗೆರೆ ಎಳೆದರೆ ಚಿಂಚೋಳಿಯಿಂದ ಹೈದರಾಬಾದಿಗೆ ಸುಮಾರು 110 ಕಿ.ಮೀ., ಧಾರವಾಡಕ್ಕೆ ಸುಮಾರು 340 ಕಿ.ಮೀ. ಸೇಡಂನಿಂದಲೂ ಧಾರವಾಡ 300 ಕಿ.ಮೀ. ದಾಟುತ್ತದೆ.

ಇಲ್ಲಿಂದ ಭೌತಶಾಸ್ತ್ರ ಶುರು. ಮೀಡಿಯಂ ವೇವ್ ಅಲೆಗಳಿಗೆ ಎರಡು ದಾರಿ. ಒಂದು, ನೆಲಕ್ಕೆ ಅಂಟಿಕೊಂಡು ಸಾಗುವ ನೆಲದಲೆ. ಇದು ದೂರ ಹೋದಂತೆ ಸೊರಗುತ್ತದೆ. ಇನ್ನೊಂದು, ಮೇಲಕ್ಕೆ ಹಾರಿ, ಆಕಾಶದ ಅಯಾನುಗೋಳದಿಂದ ಬಾಗಿ ಮತ್ತೆ ನೆಲಕ್ಕಿಳಿಯುವ ಆಗಸದಲೆ. ಹಗಲು ಹೊತ್ತಿನಲ್ಲಿ ಬಿಸಿಲಿನ ಕಿರಣಗಳು ಸುಮಾರು 60ರಿಂದ 90 ಕಿ.ಮೀ. ಎತ್ತರದಲ್ಲಿ 'ಡಿ' ಎಂಬ ಪದರವನ್ನು ಕಟ್ಟುತ್ತವೆ. ಮೇಲೇರಿದ ಅಲೆಯನ್ನು ಈ ಪದರ ಹೀರಿಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ಅದು ಬೇಗನೆ ಕರಗುತ್ತದೆ. ಆಗ ಅಲೆ ಇನ್ನೂ ಮೇಲಿನ ಪದರಗಳನ್ನು ಮುಟ್ಟಿ ನೂರಾರು ಕಿ.ಮೀ. ಆಚೆ ಬಂದಿಳಿಯುತ್ತದೆ. ಆದ್ದರಿಂದಲೇ ದೂರದ ಕೇಂದ್ರಗಳು ರಾತ್ರಿ ಕೇಳಿಸುತ್ತವೆ, ಬೆಳಗಾದರೆ ಮಾಯವಾಗುತ್ತವೆ.

ದೊಡ್ಡವರಿಗೆ ಇದರಿಂದ ಅಷ್ಟು ನಷ್ಟವಿಲ್ಲ. ಊಟ ಮುಗಿಸಿ, ಮುಳ್ಳು ತಿರುಗಿಸಿ, ಗೊರಗೊರ ಸದ್ದಿನ ನಡುವೆ ಧಾರವಾಡವನ್ನು ಹಿಡಿಯಬಹುದಿತ್ತು. ಮಕ್ಕಳ ಗತಿ ಬೇರೆ. ಶಾಲಾ ಪಾಠಗಳು ಪ್ರಸಾರವಾಗುವುದು ಹಗಲಿನಲ್ಲಿ. ಮಕ್ಕಳ ಕಥೆ, ಹಾಡು, ನಾಟಕಗಳಿಗೂ ರಜೆಯ ಹಗಲೇ ಒಪ್ಪುವ ಹೊತ್ತು. ರಾತ್ರಿ ಅಲೆ ಬಂದಿಳಿಯುವಾಗ ಮಕ್ಕಳಿಗೆ ನಿದ್ದೆ!

ಹಗಲಲ್ಲಿ ಸುಲಭವಾಗಿ ಸಿಗಬಲ್ಲದ್ದು ಹೈದರಾಬಾದ್. ಅಲ್ಲಿ ತೆಲುಗು ಮಕ್ಕಳಿಗೆ 'ಬಾಲಾನಂದಂ' ಎಂಬ ಸೊಗಸಾದ ಕಾರ್ಯಕ್ರಮವಿತ್ತು. ನಡೆಸುತ್ತಿದ್ದವರು ನ್ಯಾಯಪತಿ ರಾಘವರಾವ್ ಮತ್ತು ಕಾಮೇಶ್ವರಿ ದಂಪತಿ. ತೆಲುಗು ನಾಡಿಗೆಲ್ಲ ಅವರು 'ರೇಡಿಯೋ ಅನ್ನಯ್ಯ', 'ರೇಡಿಯೋ ಅಕ್ಕಯ್ಯ'. ಗಡಿಸೀಮೆಯ ಮಕ್ಕಳಿಗೆ ತೆಲುಗು, ಉರ್ದು ಹೊಸವಲ್ಲ. ಬೀದಿಯ ಆಟದಲ್ಲೇ ಕಲಿತ ಭಾಷೆಗಳು. ಆದರೆ ಸಾಲಿಯ ಪುಸ್ತಕ ಕನ್ನಡದ್ದು, ಅವ್ವನ ಮಾತು ಕನ್ನಡದ್ದು. ಕನ್ನಡದಲ್ಲಿ ಇಂದಿಗೆ ದೊರೆತಿರುವ ಅತಿ ಹಳೆಯ ಕೃತಿ 'ಕವಿರಾಜಮಾರ್ಗ' ಹುಟ್ಟಿದ ಮಳಖೇಡ ಸೇಡಂ ತಾಲೂಕಿನಲ್ಲೇ ಇದೆ. ಅಂಥ ನೆಲದ ಮಗುವಿಗೆ ಹಗಲು ಹೊತ್ತಿನ ಕನ್ನಡ ರೇಡಿಯೋ ಕೈಗೆಟುಕದ ದ್ರಾಕ್ಷಿಯಾಗಿತ್ತು.

ಆ ಕೊರತೆ ತುಂಬಿದ್ದು 1966ರಲ್ಲಿ, ಗುಲ್ಬರ್ಗಾ (ಇಂದಿನ ಕಲಬುರಗಿ) ಆಕಾಶವಾಣಿ ಆರಂಭವಾದಾಗ. ಏಕೀಕರಣವಾಗಿ ಹತ್ತು ವರ್ಷ ಕಳೆದಿತ್ತು. ಅಲ್ಲಿಂದ ಶಹಾಬಾದ್ ಸುಮಾರು 25 ಕಿ.ಮೀ., ಸೇಡಂ 50, ಚಿಂಚೋಳಿ 65. ನೆಲದಲೆಗೆ ಇದು ಹತ್ತಿರದ ದಾರಿ. ಈ ನಿಲಯ ಕೇಳಿಸುತ್ತಿದ್ದುದು 1107 ಕಿಲೋಹರ್ಟ್ಸ್‌ನಲ್ಲಿ. ವಿದ್ಯಾರ್ಥಿಗಳು ಲೆಕ್ಕ ಮಾಡಬಹುದು: ಸೆಕೆಂಡಿಗೆ 3,00,000 ಕಿ.ಮೀ. ವೇಗವನ್ನು ಸೆಕೆಂಡಿಗೆ 11,07,000 ಕಂಪನಗಳಿಂದ ಭಾಗಿಸಿದರೆ ಅಲೆಯ ಉದ್ದ ಸುಮಾರು 271 ಮೀಟರ್.

ಹತ್ತಿರದ ನಿಲಯದಿಂದ ಇನ್ನೊಂದು ಲಾಭವಿದೆ. ಮಕ್ಕಳ ಕಾರ್ಯಕ್ರಮವೆಂದರೆ ಕೇಳುವುದಷ್ಟೇ ಅಲ್ಲ. ಮೈಕಿನ ಮುಂದೆ ಹಾಡಲು, ಕಥೆ ಹೇಳಲು ಮಕ್ಕಳೇ ಬೇಕು. ಸೇಡಂ, ಚಿತ್ತಾಪುರಗಳನ್ನು ಹಾಯ್ದು ವಾಡಿಯನ್ನು ಹೈದರಾಬಾದಿನ ಕಡೆಗೆ ಜೋಡಿಸಿದ ರೈಲು 1874ರಿಂದಲೂ ಇತ್ತು. 1966ರ ನಂತರ ಅದೇ ಹಳಿಯ ಮೇಲೆ ಎದುರು ದಿಕ್ಕಿಗೆ ಹೊರಟರೆ, ವಾಡಿ, ಶಹಾಬಾದ್ ದಾಟಿ ಕನ್ನಡದ ಮೈಕು ಸಿಗುತ್ತಿತ್ತು. ತನ್ನಂಥದೇ ಮಗು, ತನ್ನದೇ ಜಿಲ್ಲೆಯ ಮಾತು, ಪೆಟ್ಟಿಗೆಯೊಳಗಿಂದ! 'ನಮ್ಮ ಮಾತೂ ಕೇಳುವಂಥದ್ದು' ಎಂಬ ಧೈರ್ಯವನ್ನು ಮಗುವಿಗೆ ಪಠ್ಯಪುಸ್ತಕವೊಂದೇ ಕೊಡಲಾರದು.

ಇಂದು ಮೊಬೈಲಿನಲ್ಲಿ ಜಗತ್ತಿನ ಎಲ್ಲ ಭಾಷೆಗಳೂ ಹಗಲು ರಾತ್ರಿ ಸಿಗುತ್ತವೆ. ಅಲೆಯ ತೊಡಕು ತೀರಿದೆ. ಮಗುವಿಗೆ ಅದರ ಮಾತಿನಲ್ಲಿ ಕಥೆ ಹೇಳುವವರು ಮನೆಯಲ್ಲಿದ್ದಾರೆಯೇ ಎಂಬುದನ್ನು ತಂದೆ-ತಾಯಂದಿರು ನೋಡಿಕೊಳ್ಳಬೇಕು.

ಅಟ್ಟದ ಮೇಲೆ ಹಳೆಯ ಟ್ರಾನ್ಸಿಸ್ಟರ್ ಇದ್ದರೆ ಕೆಳಗಿಳಿಸಿ, ಹೊಸ ಸೆಲ್ ಹಾಕಿ. ಮಧ್ಯಾಹ್ನ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಮೀಡಿಯಂ ವೇವ್ ಮುಳ್ಳನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಿ, ಸಿಕ್ಕ ಕೇಂದ್ರಗಳನ್ನು ಬರೆದುಕೊಳ್ಳಿ. ಎರಡು ಪಟ್ಟಿಗಳ ನಡುವಣ ವ್ಯತ್ಯಾಸವೇ 'ಡಿ' ಪದರದ ಪಾಠ. ಪಕ್ಕದಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಕೂರಿಸಿಕೊಂಡರೆ ಪಾಠ ಇನ್ನೂ ಚೆನ್ನಾಗಿ ಹತ್ತುತ್ತದೆ.