ಮಣಿಕಟ್ಟಿಗೆ ತಕ್ಕ ಗಡಿಯಾರ

ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳಂತಹ ಗಹನ ವಿಷಯಗಳನ್ನು ಕುರಿತು ತಜ್ಞ ವೈದ್ಯರು ಬರೆಯುವ ಈ ಸ್ಮರಣ ಸಂಚಿಕೆಯಲ್ಲಿ ಕೈಗಡಿಯಾರದ ಅಳತೆಯ ಬಗ್ಗೆ ಬರೆಯಹೊರಟ ನನ್ನ ಸಾಹಸವನ್ನು ಕಂಡು ವಾಚಕರು ನಗಬಹುದು. ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರದ ಪದವೀಧರ, ಬ್ಯಾಂಕೊಂದರ ಅಧಿಕಾರಿ. ಅಂಕಿಗಳನ್ನು ತಾಳೆ ನೋಡುವುದೇ ನನ್ನ ವೃತ್ತಿ. ಅಂಥವನೇ ಒಂದು ಸಣ್ಣ ಅಂಕಿಯನ್ನು ಅಲಕ್ಷಿಸಿ ಪಟ್ಟ ಪಾಡನ್ನು ಹೇಳಿಕೊಂಡರೆ ನಾಲ್ವರಿಗಾದರೂ ಉಪಯೋಗವಾದೀತು ಎಂಬ ನಂಬಿಕೆಯಿಂದ ಲೇಖನಿ ಹಿಡಿದಿದ್ದೇನೆ.

ಊರ ಜಾತ್ರೆಯಲ್ಲಿ ಬಳೆಗಾರನ ಮುಂದೆ ಕುಳಿತ ಹೆಣ್ಣುಮಕ್ಕಳನ್ನು ನೆನಪಿಸಿಕೊಳ್ಳಿ. ಬಳೆಗಾರನು ಮೊದಲು ಬಣ್ಣ ತೋರಿಸುವುದಿಲ್ಲ. ಕೈ ಹಿಡಿದು ನೋಡುತ್ತಾನೆ. ‘ಎರಡು-ನಾಲ್ಕು’, ‘ಎರಡು-ಆರು’ ಎಂದು ಅಳತೆ ಹೇಳಿದ ಮೇಲೆಯೇ ಗಂಟು ಬಿಚ್ಚುವುದು. ಎರಡು-ನಾಲ್ಕು ಎಂದರೆ ಎರಡು ಅಂಗುಲದ ಮೇಲೆ ಅಂಗುಲದ ಹದಿನಾರರಲ್ಲಿ ನಾಲ್ಕು ಭಾಗ. ಕೆಲವೇ ರೂಪಾಯಿಯ ಗಾಜಿನ ಬಳೆಗೆ ಇಷ್ಟು ಸೂಕ್ಷ್ಮವಾದ ಲೆಕ್ಕವಿದೆ. ಆದರೆ ಸಾವಿರಾರು ರೂಪಾಯಿಯ ಕೈಗಡಿಯಾರವನ್ನು ಕೊಳ್ಳುವಾಗ ನಮ್ಮ ಕೈಯನ್ನು ಅಳೆಯುವವರು ಯಾರೂ ಇಲ್ಲ. ನಾವೂ ಕೇಳುವುದಿಲ್ಲ. ಬೆಲೆ ನೋಡುತ್ತೇವೆ, ಹೆಸರು ನೋಡುತ್ತೇವೆ, ಕೊಂಡು ಬರುತ್ತೇವೆ.

ಮೂರು ವರ್ಷಗಳ ಹಿಂದೆ ನನಗೆ ಬಡ್ತಿ ದೊರೆತಾಗ ಅಂಧೇರಿ ಪಶ್ಚಿಮದ ಒಂದು ಮಳಿಗೆಗೆ ಹೋಗಿ ನಾನು ಮಾಡಿದ್ದೂ ಇದನ್ನೇ. ನನ್ನ ಮಣಿಕಟ್ಟಿನ ಸುತ್ತಳತೆ 15 ಸೆಂಟಿಮೀಟರು. ಕಡ್ಡಿಯಂತಹ ಕೈ ಎಂದು ಕಾಲೇಜಿನ ದಿನಗಳಿಂದಲೂ ಗೆಳೆಯರ ಪರಿಹಾಸ್ಯಕ್ಕೆ ಗುರಿಯಾದವನು ನಾನು. ಅಂಗಡಿಯ ಹುಡುಗ ತೋರಿಸಿದ್ದು 46 ಮಿಲಿಮೀಟರಿನ ಉಕ್ಕಿನ ಗಡಿಯಾರ. “ಇದಕ್ಕಿಂತ ಚಿಕ್ಕದೆಲ್ಲ ಲೇಡೀಸ್ ವಾಚು ಸರ್” ಎಂದ. ಆ ಒಂದು ಮಾತಿಗೆ ನಾನು ಸೋತೆ. ಕೈ ಸಣ್ಣದಾಗಿದ್ದುದರಿಂದಲೇ ಗಡಿಯಾರ ದೊಡ್ಡದಾಗಿರಲೆಂದು ಒಳಮನಸ್ಸು ಬಯಸಿತೆಂದು ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಚರ್ಚ್‌ಗೇಟ್ ಲೋಕಲಿನಲ್ಲಿ ಮೇಲಿನ ಹಿಡಿಕೆ ಹಿಡಿದು ನಿಂತರೆ ಗಡಿಯಾರ ಮೊಣಕೈಯ ಕಡೆಗೆ ಜಾರುತ್ತಿತ್ತು. ಕೈ ಇಳಿಸಿದರೆ ಹಸ್ತದ ಮೇಲೆ ಬಂದು ಕೂರುತ್ತಿತ್ತು. ಚಾವಿ ಕೊಡುವ ಗುಬುಟು ಮುಂಗೈಗೆ ಚುಚ್ಚುತ್ತಿತ್ತು. ಕೊನೆಗೆ ಸರಪಣಿಯ ಎರಡು ಕೊಂಡಿಗಳನ್ನು ತೆಗೆಸಿ ಬಿಗಿಯಾಗಿ ಕಟ್ಟಿಕೊಂಡೆ. ಎರಡು ತಿಂಗಳಲ್ಲಿ ಹೆಬ್ಬೆರಳಿನ ಹಿಂಭಾಗ ಜೋಮು ಹಿಡಿಯತೊಡಗಿತು. ರಾತ್ರಿ ಉರಿ ಬೇರೆ. ಕುತ್ತಿಗೆಯ ಮೂಳೆ ಸವೆದಿರಬೇಕೆಂದು ಹೆದರಿದೆ. ವೈದ್ಯರು ನನ್ನ ಕೈ ನೋಡಿ, ಔಷಧ ಬರೆಯುವ ಮುನ್ನ ಗಡಿಯಾರ ಬಿಚ್ಚಿಸಿದರು. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಪಕ್ಕಕ್ಕೆ ಚರ್ಮದ ಕೆಳಗೇ ಒಂದು ನರದ ಕವಲು ಹಾದುಹೋಗುತ್ತದೆ. ಸ್ಪರ್ಶಜ್ಞಾನವನ್ನು ಒಯ್ಯುವ ನರವದು. ಬಿಗಿಯಾದ ಪಟ್ಟಿ, ಬಳೆ ಅಥವಾ ಬೇಡಿ ಅದನ್ನು ಒತ್ತಿದರೆ ಜೋಮು, ಉರಿ ಉಂಟಾಗುತ್ತವೆ. 1932ರಲ್ಲಿ ಇದನ್ನು ವಿವರಿಸಿದ ವಾರ್ಟೆನ್‌ಬರ್ಗ್ ಎಂಬ ವೈದ್ಯರ ಹೆಸರೇ ಈ ಬಾಧೆಗೆ ನಿಂತಿದೆ. ಒತ್ತಡ ತಪ್ಪಿಸಿದರೆ ಬಹುಮಟ್ಟಿಗೆ ತಾನೇ ಶಮನವಾಗುತ್ತದೆ. ನನಗೆ ಆರು ವಾರ ಹಿಡಿಯಿತು. ಆಭರಣವೆಂದು ಕೊಂಡದ್ದು ಬೇಡಿಯಾಗಿತ್ತು!

ಹಾಗಾದರೆ ಸಣ್ಣ ಕೈಯವರು ಗಡಿಯಾರವನ್ನು ಆರಿಸುವುದು ಹೇಗೆ? ಅನುಭವದಿಂದಲೂ, ಅಂಧೇರಿ ನಿಲ್ದಾಣದ ಬಳಿ ಕುಳಿತುಕೊಳ್ಳುವ ಒಬ್ಬ ವೃದ್ಧ ಗಡಿಯಾರ ರಿಪೇರಿಗಾರರ ಉಪದೇಶದಿಂದಲೂ ಕಲಿತುದನ್ನು ಇಲ್ಲಿ ಹೇಳುತ್ತೇನೆ. ನಾನು ಅವರ ಮುಂದೆ ನಿಂತಾಗ ಅವರೂ ಬಳೆಗಾರನಂತೆ ಮೊದಲು ಕೇಳಿದ್ದು, “ಸಾಹೇಬ್, ಕೈ ಕೊಡಿ” ಎಂದೇ.

ಅಳೆಯುವ ಬಗೆ

ಮೊದಲು ಒಂದು ದಾರ ತೆಗೆದುಕೊಳ್ಳಿ. ಮಣಿಕಟ್ಟಿನ ಹೊರಬದಿಯಲ್ಲಿ, ಕಿರುಬೆರಳಿನ ಕಡೆಗೆ ಉಬ್ಬಿರುವ ಮೂಳೆಯಿದೆಯಷ್ಟೆ? ಅದಕ್ಕಿಂತ ಸ್ವಲ್ಪ ಮೇಲೆ, ಮೊಣಕೈಯ ಕಡೆಗೆ, ದಾರ ಸುತ್ತಿ ಸ್ಕೇಲಿನ ಮೇಲಿಡಿ. ಸೆಕೆಗೆ ಕೈ ಕೊಂಚ ಊದಿಕೊಳ್ಳುವುದರಿಂದ ಸಂಜೆಯ ಅಳತೆಯೇ ಲೇಸು. ಸುತ್ತಳತೆ 15ರಿಂದ 16 ಸೆಂ.ಮೀ. ಇದ್ದವರಿಗೆ 34ರಿಂದ 38 ಮಿ.ಮೀ. ಅಡ್ಡಳತೆಯ ಗಡಿಯಾರ ಒಪ್ಪುತ್ತದೆ. ಅದಕ್ಕೂ ಕಡಿಮೆಯಿದ್ದರೆ 28ರಿಂದ 34. ಇದು ಶಾಸನವಲ್ಲ, ದಾರಿ ತೋರುವ ಲೆಕ್ಕ ಮಾತ್ರ.

ಎರಡನೆಯದು, ಹೆಚ್ಚಿನವರಿಗೆ ತಿಳಿಯದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಅಳತೆ. ಪಟ್ಟಿ ಸಿಕ್ಕಿಸಲು ಗಡಿಯಾರದ ಮೇಲೆ ಎರಡು, ಕೆಳಗೆ ಎರಡು ಕಿವಿಗಳಿರುತ್ತವೆ. ಮೇಲಿನ ಕಿವಿಯ ತುದಿಯಿಂದ ಕೆಳಗಿನ ಕಿವಿಯ ತುದಿಯವರೆಗಿನ ಉದ್ದವನ್ನು ನೋಡಿ. ಅಡ್ಡಳತೆ ಒಂದೇ ಆದ ಎರಡು ಗಡಿಯಾರಗಳಲ್ಲಿ ಒಂದರ ಉದ್ದ 46, ಇನ್ನೊಂದರದು 50 ಮಿ.ಮೀ. ಇರುವುದುಂಟು. ಈ ಉದ್ದವು ನಿಮ್ಮ ಮಣಿಕಟ್ಟಿನ ಮೇಲ್ಮೈಯ ಅಗಲವನ್ನು ಮೀರಕೂಡದು. ಮೀರಿದರೆ ಕಿವಿಗಳು ಕೈಯ ಅಂಚಿನಾಚೆ ಸೂರಿನಂತೆ ಚಾಚಿಕೊಳ್ಳುತ್ತವೆ. ಪಟ್ಟಿಯನ್ನು ಎಷ್ಟು ಬಿಗಿದರೂ ಗಡಿಯಾರ ನೆಲೆ ನಿಲ್ಲದು. ನನ್ನ ತಪ್ಪು ಇಲ್ಲಿಯೇ ಆದದ್ದು.

ಮೂರನೆಯದು ದಪ್ಪ. ಸಣ್ಣ ಕೈಯ ಮೇಲೆ ದಪ್ಪ ಗಡಿಯಾರ ಡಬ್ಬಿಯಂತೆ ಕಾಣುವುದಲ್ಲದೆ ಅಂಗಿಯ ತೋಳಿಗೂ ಸಿಕ್ಕಿಕೊಳ್ಳುತ್ತದೆ. ತೆಳ್ಳಗೆ ಮಾಡುವ ವಿದ್ಯೆ ನಮ್ಮವರಿಗೆ ತಿಳಿಯದ್ದೇನಲ್ಲ. ಬೆಂಗಳೂರಿನ ನೆರೆಯ ಹೊಸೂರಿನಲ್ಲಿ ಕಾರ್ಖಾನೆಯುಳ್ಳ ಟೈಟನ್ ಸಂಸ್ಥೆಯು 2002ರಲ್ಲಿ ಹೊರತಂದ ‘ಎಡ್ಜ್’ ಗಡಿಯಾರದ ದಪ್ಪ ಕೇವಲ 3.5 ಮಿ.ಮೀ.

ಉಳಿದವು ಚಿಕ್ಕ ಮಾತುಗಳು. ಒಂದೇ ಅಗಲದ ದುಂಡು ಗಡಿಯಾರಕ್ಕಿಂತ ಚೌಕದ್ದು ದೊಡ್ಡದಾಗಿ ಕಾಣುತ್ತದೆ. ಕಪ್ಪು ಮುಖಕ್ಕಿಂತ ಬಿಳಿ ಮುಖ ಅಗಲವೆನಿಸುತ್ತದೆ. ಕಟ್ಟಿಕೊಂಡ ಮೇಲೆ ಪಟ್ಟಿಯ ಕೆಳಗೆ ಕಿರುಬೆರಳಿನ ತುದಿ ತೂರುವಷ್ಟು ಸಡಿಲವಿರಲಿ. ಸರಪಣಿಯ ಕೊಂಡಿ ತೆಗೆಸುವುದಾದರೆ ಎರಡೂ ಬದಿಯಿಂದ ಸಮನಾಗಿ ತೆಗೆಸಿ. ಇಲ್ಲವಾದರೆ ಬೀಗ ಪಕ್ಕಕ್ಕೆ ಸರಿದು ಗಡಿಯಾರ ವಾಲುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಚರ್ಮದ ಪಟ್ಟಿ ಬೆವರಿಗೂ ನೀರಿಗೂ ಕೊಳೆಯುತ್ತದೆ. ಆ ನಾಲ್ಕು ತಿಂಗಳು ರಬ್ಬರು ಅಥವಾ ನೈಲಾನಿನದು ವಾಸಿ. ಬೀಗದ ಕೆಳಗೆ ತುರಿಕೆ, ಕೆಂಪು ಗುಳ್ಳೆ ಕಂಡರೆ ಲೋಹದಲ್ಲಿನ ನಿಕ್ಕಲ್ ನಿಮಗೆ ಒಗ್ಗುತ್ತಿಲ್ಲವೆಂದು ಶಂಕಿಸಿ, ಚರ್ಮವೈದ್ಯರಿಗೆ ತೋರಿಸಿ.

ತೀರ್ಥರೂಪರ ‘ಜನತಾ’

ದೊಡ್ಡ ಗಡಿಯಾರವೇ ಗಂಡಸಿನ ಲಕ್ಷಣವೆಂಬ ಮಾತಿಗೆ ಉತ್ತರ ನಮ್ಮ ಮನೆಯ ಕಪಾಟಿನಲ್ಲಿಯೇ ಇತ್ತು. ನಮ್ಮ ತೀರ್ಥರೂಪರು 1968ರಲ್ಲಿ ಉಡುಪಿಯ ಕಡೆಯಿಂದ ಈ ಮಹಾನಗರಕ್ಕೆ ಬಂದು, ಹಗಲು ಫೋರ್ಟಿನ ಕ್ಯಾಂಟೀನಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಅವರು ಕೂಡಿಟ್ಟ ಹಣದಿಂದ ಕೊಂಡ ಮೊದಲ ಒಡವೆ ಎಚ್.ಎಂ.ಟಿ. ‘ಜನತಾ’. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಆರಂಭವಾದ ಎಚ್.ಎಂ.ಟಿ. ಗಡಿಯಾರ ತಯಾರಿಕೆಗೆ 2016ರಲ್ಲಿ ಕೇಂದ್ರ ಸರಕಾರ ಮುಕ್ತಾಯ ಹಾಡಿತು. ಆದರೆ ಅದರ ಗಡಿಯಾರಗಳು ಇಂದಿಗೂ ಎಷ್ಟೋ ಮನೆಗಳಲ್ಲಿ ನಡೆಯುತ್ತಿವೆ. ಜನತಾದ ಅಡ್ಡಳತೆ ಸುಮಾರು 35 ಮಿ.ಮೀ. ಮೂಟೆ ಹೊತ್ತ ಕೈಗಳೂ, ನೇಗಿಲು ಹಿಡಿದ ಕೈಗಳೂ ಅದನ್ನೇ ಧರಿಸಿದವು. ಸ್ವಿಜರ್ಲೆಂಡಿನ ಸುಪ್ರಸಿದ್ಧ ಪಾಟೆಕ್ ಫಿಲಿಪ್ ಸಂಸ್ಥೆ 1932ರಲ್ಲಿ ಗಂಡಸರಿಗೆಂದು ತಂದ ‘ಕಲಾತ್ರಾವಾ’ ಗಡಿಯಾರದ ಅಳತೆ ಸುಮಾರು 31 ಮಿ.ಮೀ. ಮಾತ್ರ. ಅಂದಮೇಲೆ 44, 46ರ ಗೀಳು ಇತ್ತೀಚಿನದು. ಅದು ಪೌರುಷದ ಪ್ರಮಾಣವಲ್ಲ, ವ್ಯಾಪಾರದ ಗಾಳಿ. ಆ ಗಾಳಿ ಈಗ ಮರಳಿ ಚಿಕ್ಕ ಅಳತೆಯತ್ತ ಬೀಸುತ್ತಿರುವುದೂ ನಿಜ.

ಆದರೆ ಆ ಜನತಾ ನನಗೆ ಕಲಿಸಿದ ದೊಡ್ಡ ಪಾಠ ಬೇರೆಯೇ ಇದೆ. ತೀರ್ಥರೂಪರ ಕಡೆಗಾಲದ ವರ್ಷಗಳಲ್ಲಿ ಒಮ್ಮೆ ಗಡಿಯಾರ ಸಡಿಲವಾಯಿತೆಂದು, ನಿಲ್ದಾಣದ ಹೊರಗೆ ಚಪ್ಪಲಿ ಹೊಲಿಯುವವನಿಂದ ಪಟ್ಟಿಗೆ ಒಂದು ಹೊಸ ತೂತು ಮಾಡಿಸಿದರು. ಕೆಲವು ತಿಂಗಳಲ್ಲಿ ಇನ್ನೊಂದು. ಎಂಟು ತಿಂಗಳೊಳಗೆ ಮೂರು ತೂತುಗಳಾದವು. “ವಯಸ್ಸಾಯಿತಲ್ಲ, ಇಳಿಯದೆ ಏನು?” ಎಂದು ಅವರೂ ಅಂದರು, ನಾವೂ ಅಂದೆವು. ಮೂರನೆಯ ತೂತನ್ನು ಮಾಡಿಸಿ ತಂದವನು ನಾನೇ. ಕಾಲಿನ ಗಾಯ ಮಾಯದೆ ಆಸ್ಪತ್ರೆಗೆ ಹೋದಾಗ ಸಕ್ಕರೆ ಕಾಯಿಲೆ ಬಹಳ ಮುಂದುವರಿದಿತ್ತು. ಮೂತ್ರಪಿಂಡಗಳಿಗೂ ಪೆಟ್ಟು ಬಿದ್ದಿತ್ತು. ಕಾರಣವಿಲ್ಲದೆ ದೇಹ ಇಳಿಯುತ್ತಿದ್ದುದನ್ನು ಆ ಪಟ್ಟಿ ಎಂಟು ತಿಂಗಳು ಮೊದಲೇ ದಾಖಲೆ ಮಾಡಿತ್ತು. ದಿನವಿಡೀ ಲೆಕ್ಕ ನೋಡುವ ಮಗ ಆ ಮೂರು ತೂತುಗಳ ಲೆಕ್ಕ ನೋಡಲಿಲ್ಲ. ಈಗ ಆ ಗಡಿಯಾರ ನನ್ನ ಕೈಯಲ್ಲಿದೆ. ಪಟ್ಟಿ ಹೊಸದು; ಹಳೆಯ ಪಟ್ಟಿಯನ್ನು ಮಾತ್ರ ಎಸೆದಿಲ್ಲ.

ಅಳೆಯುವ ಗಡಿಯಾರ

ಈಗಿನ ಕಾಲದ ಗಡಿಯಾರ ಹೊತ್ತನ್ನಷ್ಟೇ ಅಲ್ಲ, ನಾಡಿಯನ್ನೂ ಎಣಿಸುತ್ತದೆ. ಇಲ್ಲಿ ಅಳತೆಯ ಪ್ರಶ್ನೆ ಅಂದಚಂದದ್ದಾಗಿ ಉಳಿಯುವುದಿಲ್ಲ. ಎಪ್ಪತ್ತು ದಾಟಿದ ನಮ್ಮ ತಾಯಿಯವರಿಗೆ ಇಂಥದೊಂದನ್ನು ಕೊಡಿಸಿದೆವು. ಅವರ ಮಣಿಕಟ್ಟು 13.5 ಸೆಂ.ಮೀ.; ಗಡಿಯಾರ 44 ಮಿ.ಮೀ. ಒಂದು ರಾತ್ರಿ ಸುಮ್ಮನೆ ಕುಳಿತಿದ್ದವರ ನಾಡಿ 140 ಎಂದು ತೋರಿತು. ಆತಂಕದಿಂದ ಆಸ್ಪತ್ರೆಗೆ ಓಡಿದೆವು. ಇ.ಸಿ.ಜಿ. ಸರಿಯಾಗಿತ್ತು. ಅಲ್ಲಿನ ದಾದಿಯೊಬ್ಬರು ಗಡಿಯಾರವನ್ನು ಮೂಳೆಯ ಮೇಲಕ್ಕೆ ಸರಿಸಿ, ಪಟ್ಟಿಯನ್ನು ಒಂದು ತೂತು ಬಿಗಿದರು. ಅಂಕಿ 78ಕ್ಕೆ ಇಳಿಯಿತು.

ಇದರ ಮರ್ಮ ಸರಳವಾಗಿದೆ. ಗಡಿಯಾರದ ಬೆನ್ನಿನಿಂದ ಹಸಿರು ಬೆಳಕು ಚರ್ಮದ ಮೇಲೆ ಬಿದ್ದು, ರಕ್ತದ ಏರಿಳಿತಕ್ಕೆ ತಕ್ಕಂತೆ ಮರಳುತ್ತದೆ. ಆ ಏರಿಳಿತವನ್ನೇ ಅದು ಎಣಿಸುವುದು. ಬೆನ್ನು ಚರ್ಮಕ್ಕೆ ತಾಗದಿದ್ದರೆ ಹೊರಗಿನ ಬೆಳಕು ನುಗ್ಗಿ, ಕೈಯ ಅಲುಗಾಟವೂ ಸೇರಿ ಎಣಿಕೆ ತಪ್ಪುತ್ತದೆ. ಸಪೂರವಾದ ಕೈಯ ಮೇಲೆ ಅಗಲವಾದ ಗಡಿಯಾರ ಹಲಗೆಯಂತೆ ಓಲಾಡುವುದರಿಂದ ಈ ದೋಷ ಅಲ್ಲಿಯೇ ಹೆಚ್ಚು. ಆ್ಯಪಲ್ ಸಂಸ್ಥೆಯ ಮೊದಲ ವಾಚು 2015ರಲ್ಲಿಯೇ 38 ಮತ್ತು 42 ಮಿ.ಮೀ. ಎತ್ತರದ ಎರಡು ಅಳತೆಗಳಲ್ಲಿ ಬಂದಿತ್ತು. ಚಿಕ್ಕದನ್ನು ಕೇಳಿ ಪಡೆಯುವುದು ಕೊಳ್ಳುವವರ ಹೊಣೆ. ರಕ್ತದೊತ್ತಡ ನೋಡುವಾಗ ತೋಳಿಗೆ ಸುತ್ತುವ ಪಟ್ಟಿಗೂ ಇದೇ ನಿಯಮ: ತೋಳಿಗೆ ಅದು ಚಿಕ್ಕದಾದರೆ ಒತ್ತಡ ಇರುವುದಕ್ಕಿಂತ ಹೆಚ್ಚಾಗಿ, ದೊಡ್ಡದಾದರೆ ಕಡಿಮೆಯಾಗಿ ತೋರುತ್ತದೆ.

ಆ ರಾತ್ರಿಯ ಗಾಬರಿಗಿಂತ ಹೆಚ್ಚಿನ ಅಪಾಯ ಹುಸಿ ನೆಮ್ಮದಿಯದು. ನಾಡಿ ನಿಜವಾಗಿ ಏರುಪೇರಾದಾಗ ಸಡಿಲವಾದ ಗಡಿಯಾರ ಎಲ್ಲವೂ ಸರಿಯಿದೆ ಎಂದರೆ ಗತಿಯೇನು? ಆದುದರಿಂದ ಪ್ರತಿಯೊಬ್ಬರೂ ಹಳೆಯ ಪದ್ಧತಿಯನ್ನು ಕಲಿತಿರಬೇಕು. ಐದು ನಿಮಿಷ ಕುಳಿತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ತೋರುಬೆರಳು ಮತ್ತು ನಡುಬೆರಳುಗಳನ್ನು ಇಟ್ಟು, ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ವಯಸ್ಕರಲ್ಲಿ ವಿಶ್ರಾಂತಿಯ ನಾಡಿ ಸಾಮಾನ್ಯವಾಗಿ 60ರಿಂದ 100ರೊಳಗೆ ಇರುತ್ತದೆ. ಲಯ ತಪ್ಪುತ್ತಿದ್ದರೆ ಪೂರ್ತಿ ಒಂದು ನಿಮಿಷ ಎಣಿಸಿ, ವೈದ್ಯರಿಗೆ ತಿಳಿಸಿ. ಎದೆನೋವು, ತಲೆಸುತ್ತು, ಉಸಿರಾಟದ ಕಷ್ಟ ಜೊತೆಗಿದ್ದರೆ ಎಣಿಸುತ್ತ ಕೂರದೆ ಆಸ್ಪತ್ರೆಗೆ ಧಾವಿಸಿ. ಆಗ ಗಡಿಯಾರದ ಅಂಕಿಗಾಗಿ ಕಾಯಬೇಡಿ.

ಕೊನೆಯದಾಗಿ ನಮ್ಮ ಸಂಘದ ಕಾರ್ಯಕರ್ತರಲ್ಲಿ ಒಂದು ವಿನಂತಿ. ಸಂಘದ ಆರೋಗ್ಯ ಶಿಬಿರಗಳಲ್ಲಿ ತೂಕ, ರಕ್ತದೊತ್ತಡ, ಸಕ್ಕರೆಗಳ ತಪಾಸಣೆಯ ಪಕ್ಕದಲ್ಲಿ ಒಂದು ಮೇಜು, ಒಂದು ಅಳತೆಯ ಟೇಪು ಇಡೋಣ. ಹಿರಿಯರು ಕಟ್ಟಿಕೊಂಡು ಬಂದ ಗಡಿಯಾರದ ಎಣಿಕೆಯನ್ನು ಬೆರಳಿನ ಎಣಿಕೆಯೊಡನೆ ತಾಳೆ ನೋಡೋಣ. ಪಟ್ಟಿ ಯಾವ ತೂತಿನಲ್ಲಿದೆ, ಹೋದ ವರ್ಷ ಯಾವುದರಲ್ಲಿತ್ತು ಎಂದು ಕೇಳೋಣ. ಪ್ರಯತ್ನಪಡದೆ ಎರಡು ತೂತು ಒಳಗೆ ಸರಿದಿದ್ದರೆ ವೈದ್ಯರ ಬಳಿ ಕಳುಹಿಸೋಣ. ಇದಕ್ಕೆ ಖರ್ಚೇನೂ ಇಲ್ಲ. ಇಬ್ಬರು ಸ್ವಯಂಸೇವಕರು ಸಾಕು. ಅವರಲ್ಲಿ ಒಬ್ಬನಾಗಿ ನಿಲ್ಲಲು ನಾನು ಸಿದ್ಧ.

ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ಹಿರಿಯರು ಹೇಳಿದ್ದಾರೆ. ಕೈಯಿದ್ದಷ್ಟು ಗಡಿಯಾರ ಕಟ್ಟೆಂದು ನಾನು ಸೇರಿಸುತ್ತೇನೆ. ಈ ಲೇಖನವನ್ನು ಓದಿ ಮುಗಿಸಿದವರು ಇಂದು ರಾತ್ರಿ ಮನೆಯ ಹಿರಿಯರ ಕೈಯನ್ನೊಮ್ಮೆ ಹಿಡಿದು ನೋಡಿ. ಅಳತೆ ತೆಗೆಯುವ ನೆಪದಲ್ಲಾದರೂ ಸರಿ.